ಒಂದು ಚಿತ್ರ, ಎರಡು ಸಲ ನೋಡಿ



ನಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ ವಾರ ಒಂದು ಪುಸ್ತಕದಲ್ಲಿ ಬಣ್ಣದ ಚಿತ್ರ ತೋರಿಸಿದರು. ಅದರ ಹೆಸರು ‘ಸೇಂತ್ ಅದ್ರೆಸ್‌ನ ತೋಟ’. ಬರೆದವರು ಫ್ರಾನ್ಸ್ ದೇಶದ ಕ್ಲೋದ್ ಮೊನೆ. 1867ರ ಬೇಸಿಗೆಯಲ್ಲಿ ಬರೆದದ್ದು. ಆಗ ಅವರಿಗೆ 26 ವರ್ಷ. ಈಗ ಚಿತ್ರ ಅಮೆರಿಕದ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

“ಹೇಗಿದೆ?” ಅಂತ ಮೇಷ್ಟ್ರು ಕೇಳಿದರು. “ಸಂತೋಷವಾಗಿದೆ ಸಾರ್” ಅಂದೆವು. “ಇನ್ನೊಂದ್ಸಲ ನೋಡ್ರೋ” ಅಂದರು.

ಮೊದಲು ಜೋಡಣೆ ನೋಡೋಣ. ಜಮಖಾನದ ಪಟ್ಟಿಗಳ ಹಾಗೆ ಮೂರು ಪಟ್ಟಿಗಳಿವೆ. ಕೆಳಗೆ ಹೂದೋಟ, ಮಧ್ಯೆ ಸಮುದ್ರ, ಮೇಲೆ ಆಕಾಶ. ಎಡಕ್ಕೊಂದು ಬಲಕ್ಕೊಂದು ಬಾವುಟದ ಕಂಬ ನೆಟ್ಟಗೆ ನಿಂತು ಮೂರನ್ನೂ ಸೇರಿಸುತ್ತವೆ. ಗಾಳಿಯನ್ನು ಬರೆಯಲು ಆಗುವುದಿಲ್ಲ, ಆದರೆ ಬಾವುಟ ಹಾರುವುದರಿಂದ ಗಾಳಿ ಇದೆ ಅಂತ ಗೊತ್ತಾಗುತ್ತದೆ. ಮೊನೆ ಎತ್ತರದಿಂದ ನೋಡಿ ಬರೆದಿದ್ದಾರೆ. ಅದಕ್ಕೇ ಸಮುದ್ರ ದೂರ ಹೋಗದೆ ಗೋಡೆಯ ಹಾಗೆ ಎದ್ದು ನಿಂತಂತೆ ಕಾಣುತ್ತದೆ. ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹೀಗಿರುತ್ತದೆ. ಅವು ಮೊನೆಗೆ ಬಹಳ ಇಷ್ಟವಾಗಿದ್ದವು. ಹಸಿರು ಎಲೆಗಳ ಪಕ್ಕದಲ್ಲೇ ಕೆಂಪು ಹೂ ಇಟ್ಟಿರುವುದರಿಂದ ಕೆಂಪು ಇನ್ನೂ ಹೊಳೆಯುತ್ತದೆ.

ಈಗ ಜನರನ್ನು ನೋಡಿ. ನಾಲ್ಕು ಜನ ಇದ್ದಾರೆ. ಬೇಲಿಯ ಹತ್ತಿರ ಇಬ್ಬರು ನಿಂತಿದ್ದಾರೆ, ಮುಂದೆ ಇಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಒಬ್ಬರೂ ನಮ್ಮ ಕಡೆ ತಿರುಗಿ ನೋಡುತ್ತಿಲ್ಲ! ಟೋಪಿ ಹಾಕಿಕೊಂಡು ಸಮುದ್ರದ ಕಡೆ ಮುಖ ಮಾಡಿ ಕೂತವರು ಮೊನೆಯ ತಂದೆ.

ಆಗ ಮೊನೆಯ ಹತ್ತಿರ ದುಡ್ಡಿರಲಿಲ್ಲ. ಅವರು ಪ್ರೀತಿಸಿದ ಕಮೀಲ್ ಪ್ಯಾರಿಸ್‌ನಲ್ಲಿದ್ದರು. ತಂದೆಗೆ ಈ ಸಂಬಂಧ ಒಪ್ಪಿಗೆ ಇರಲಿಲ್ಲ. ಅದೇ ವರ್ಷ ಆಗಸ್ಟ್ 8ರಂದು ಕಮೀಲ್‌ಗೆ ಗಂಡು ಮಗು ಹುಟ್ಟಿತು. ಇದನ್ನು ಕೇಳಿದ ಮೇಲೆ ನನಗೆ ಚಿತ್ರ ಬೇರೆ ಥರ ಕಾಣಿಸಿತು. ನಮ್ಮಪ್ಪನೂ ಅಕ್ಕನ ಮೇಲೆ ಸಿಟ್ಟು ಬಂದರೆ ಜಗುಲಿ ಮೇಲೆ ಹೊಲದ ಕಡೆ ಮುಖ ಮಾಡಿ ಕೂತ್ಕೋತಾರೆ, ಮಾತಾಡಲ್ಲ. ಅಕ್ಕ ಟೀ ಲೋಟ ಇಟ್ಟು ಹಿಂದೆ ಸುಮ್ಮನೆ ನಿಂತಿರುತ್ತಾಳೆ. ಮೊನೆಯೂ ಹಾಗೇ ಹಿಂದೆ ನಿಂತು ಅಪ್ಪನನ್ನು ಬರೆದರು ಅಂತ ನನಗನ್ನಿಸಿತು.

ನನ್ನ ಗೆಳತಿ ಒಪ್ಪಲಿಲ್ಲ. “ಬಿಸಿಲಿದೆ, ಹೂವಿದೆ, ಹಡಗುಗಳಿವೆ. ಬೇಜಾರು ಎಲ್ಲಿದೆ?” ಅಂದಳು. ಮೇಷ್ಟ್ರು ನಗುತ್ತಾ, “ಇಬ್ಬರದೂ ಸರಿ ಇರಬಹುದು. ಆದರೆ ಚಿತ್ರದಲ್ಲಿ ಎಲ್ಲಿ ಕಾಣ್ತು ಅಂತ ಬೆರಳಿಟ್ಟು ತೋರಿಸಬೇಕು” ಅಂದರು.

ಪುಸ್ತಕ ಆಫೀಸ್ ರೂಮಿನ ಬೀರುವಿನಲ್ಲಿದೆ. ಕೈ ತೊಳೆದುಕೊಂಡು ಹೋಗಿ ಕೇಳಿ, ಕೊಡುತ್ತಾರೆ. ನೀವೂ ಎರಡು ಸಲ ನೋಡಿ, ಬೆರಳಿಟ್ಟು ಹೇಳಿ.

– 7ನೇ ತರಗತಿ ವಿದ್ಯಾರ್ಥಿನಿ