ಒಂದು ಹಾಳೆಯ ಸಂಗೀತ

2009ರ ಏಪ್ರಿಲ್ 24ರಂದು ನ್ಯೂಯಾರ್ಕಿನ ಕಾರ್ನೆಗೀ ಸಭಾಂಗಣದಲ್ಲಿ ಒಂದು ವಿಶಿಷ್ಟ ಕಚೇರಿ ನಡೆಯಿತು. ಅಮೆರಿಕದ ಸಂಗೀತ ರಚನಕಾರ ಟೆರಿ ರೈಲಿ ಅವರ ‘ಇನ್ ಸಿ’ ಎಂಬ ಕೃತಿಯ 45ನೆಯ ವರ್ಷದ ಸಂಭ್ರಮವದು. ರೈಲಿ ಅವರೂ ವಾದಕರಲ್ಲಿ ಒಬ್ಬರಾಗಿದ್ದರು. ಕೆಲವೇ ಸ್ವರಗಳನ್ನು ಮರಳಿ ಮರಳಿ ನುಡಿಸಿ ನಾದಲೋಕವನ್ನು ಕಟ್ಟುವ ಪದ್ಧತಿಗೆ ‘ಮಿನಿಮಲಿಸಂ’ ಎಂದು ಹೆಸರು. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮೊದಲು ಕೇಳಿಬಂದ ಈ ಕೃತಿ ಆ ಪದ್ಧತಿಗೆ ನಾಂದಿ ಹಾಡಿದವುಗಳಲ್ಲಿ ಒಂದು.

ಇದರ ಸ್ವರಲಿಪಿ ಒಂದೇ ಹಾಳೆಯಲ್ಲಿ ಅಡಗುತ್ತದೆ. ಅದರಲ್ಲಿರುವುದು 53 ಕಿರು ಸ್ವರಗುಚ್ಛಗಳು. ವಾದಕರು ಎಷ್ಟು ಮಂದಿ, ವಾದ್ಯ ಯಾವುದು ಎಂಬ ಕಟ್ಟುಪಾಡಿಲ್ಲ. ಗುಚ್ಛಗಳನ್ನು ಎಲ್ಲರೂ ಕ್ರಮವಾಗಿ ನುಡಿಸಬೇಕು. ಆದರೆ ಒಂದೊಂದನ್ನು ಎಷ್ಟು ಸಲ ನುಡಿಸಬೇಕೆಂಬುದು ಅವರವರ ಇಚ್ಛೆ. ‘ಸಿ’ ಎಂಬುದು ಪಾಶ್ಚಾತ್ಯ ಸಂಗೀತದ ಒಂದು ಸ್ವರ. ಪಿಯಾನೋದಲ್ಲಿ ಒಬ್ಬರು ಅದನ್ನು ಎಡೆಬಿಡದೆ ನುಡಿಸುತ್ತ ಉಳಿದವರಿಗೆ ಲಯವನ್ನು ಒದಗಿಸುವುದುಂಟು.

ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಗದ್ದಲವಾಗದೆ? ಕೃತಿಯ ಮರ್ಮವಿರುವುದು ಇಲ್ಲಿಯೇ. ಯಾರೂ ಇತರರಿಗಿಂತ ಬಹಳ ಮುಂದೆ ಓಡಬಾರದು, ಬಹಳ ಹಿಂದೆಯೂ ಉಳಿಯಬಾರದು. ಎರಡು ಮೂರು ಗುಚ್ಛಗಳ ಅಂತರದೊಳಗೇ ಇರಬೇಕು. ಆಗಾಗ ತಮ್ಮ ವಾದ್ಯವನ್ನು ನಿಲ್ಲಿಸಿ ಇತರರ ವಾದನಕ್ಕೆ ಕಿವಿಗೊಡಬೇಕು.

ಮುಂದೆ ರೈಲಿ ಅವರು ಪಂಡಿತ ಪ್ರಾಣನಾಥರ ಶಿಷ್ಯರಾಗಿ ಹಿಂದೂಸ್ತಾನಿ ಗಾಯನವನ್ನು ಗುರುಮುಖದಿಂದ ಕೇಳಿ ಕಲಿತರು. ನಮ್ಮ ಗಂಗೂಬಾಯಿ ಹಾನಗಲ್ ಅವರು ಬೆಳಗಿಸಿದ ಕಿರಾನಾ ಘರಾಣೆಯೇ ಆ ಗುರುವಿನದೂ ಆಗಿತ್ತು.

‘ಇನ್ ಸಿ’ ಕೃತಿಯ ಮುಕ್ತಾಯವೂ ಅರ್ಥಪೂರ್ಣವಾದುದು. ಕೊನೆಯ ಗುಚ್ಛವನ್ನು ಮೊದಲು ತಲುಪಿದವರು ಅದನ್ನೇ ನುಡಿಸುತ್ತ ಉಳಿದವರಿಗಾಗಿ ಕಾಯುತ್ತಾರೆ. ಎಲ್ಲರೂ ಬಂದು ಸೇರಿದ ಮೇಲೆಯೇ ಸಂಗೀತ ಮುಗಿಯುತ್ತದೆ.