ವಯಸ್ಸಿನ ಲೆಕ್ಕ, ಹುಟ್ಟಿದ ಕಾಲದ ಲೆಕ್ಕ

ಮೂವತ್ತು ದಾಟಿದ ಮೇಲೆ ಬುದ್ಧಿ ಇಳಿಯುತ್ತಲೇ ಹೋಗುತ್ತದೆ, ಅರವತ್ತರ ನಂತರ ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಕಳಿಸಿ, ಇದು ನಿಜವೇ ಎಂದು ಮಳವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ. ಸಂದೇಶದಲ್ಲಿ ಕೆಳಮುಖವಾಗಿ ಇಳಿಯುವ ಗೆರೆಯ ಚಿತ್ರವೂ ಇದೆ.

ಇಂಥ ಗೆರೆ ಹುಟ್ಟಿದ್ದು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ. ಮನಶ್ಶಾಸ್ತ್ರಜ್ಞರು ಇಪ್ಪತ್ತರವರು, ನಲವತ್ತರವರು, ಅರವತ್ತರವರು ಎಲ್ಲರಿಗೂ ಒಂದೇ ಕಾಲದಲ್ಲಿ ಪರೀಕ್ಷೆ ಕೊಟ್ಟರು. ಹಿರಿಯರಿಗೆ ಅಂಕ ಕಡಿಮೆ ಬಂತು. ವಯಸ್ಸೇ ಕಾರಣ ಎಂದು ಬರೆದುಕೊಂಡರು.

ಇದು ಹೇಗಾಯಿತೆಂದರೆ, ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಹಸಿರಾಗಿ ನಿಂತ ಮೂರು ತಿಂಗಳ ಕಬ್ಬನ್ನೂ, ನಾಲೆಯ ಕೊನೆ ಭಾಗದಲ್ಲಿ ನೀರು ಸಾಲದೆ ಒಣಗಿದ ಹತ್ತು ತಿಂಗಳ ಕಬ್ಬನ್ನೂ ಒಂದೇ ದಿನ ನೋಡಿ ಬಂದು, ತಿಂಗಳು ಕಳೆದಂತೆ ಕಬ್ಬು ಬಾಡುತ್ತದೆ ಎಂದ ಹಾಗೆ. ಮದ್ದೂರು, ಮಳವಳ್ಳಿ ಕಡೆಯ ಯಾವ ರೈತರೂ ಈ ತಪ್ಪು ಮಾಡಲಾರರು. ಒಂದೇ ಗದ್ದೆಯನ್ನು ನಾಟಿಯಿಂದ ಕಟಾವಿನವರೆಗೆ ನೋಡಿಯೇ ಅವರು ಮಾತಾಡುತ್ತಾರೆ.

ಅಮೆರಿಕದ ಕೆ. ವಾರ್ನರ್ ಶಾಯ್ 1956ರಲ್ಲಿ ಸಿಯಾಟಲ್‌ನಲ್ಲಿ ಇದನ್ನೇ ಶುರುಮಾಡಿದರು. ಇಪ್ಪತ್ತರಿಂದ ಎಪ್ಪತ್ತರವರೆಗಿನ 500 ಜನರನ್ನು ಪರೀಕ್ಷಿಸಿ, ಸಿಕ್ಕಿದವರನ್ನು ಏಳು ವರ್ಷಕ್ಕೊಮ್ಮೆ ಮತ್ತೆ ಕರೆದರು. ಪ್ರತಿ ಸಲವೂ ಹೊಸಬರನ್ನು ಸೇರಿಸಿಕೊಂಡರು. ದಶಕಗಳುದ್ದಕ್ಕೂ ನಡೆದ ಈ ಕೆಲಸದ ತಾಳ್ಮೆ ನನಗೆ ಇಂದಿಗೂ ಬೆರಗು. ಫಲಿತಾಂಶವೂ ಹಾಗೆಯೇ. ಥಟ್ಟನೆ ಗುರುತಿಸುವ ವೇಗ ಯೌವನದಿಂದಲೇ ಕುಗ್ಗುತ್ತದೆ, ಅದು ನಿಜ. ಆದರೆ ಪದಸಂಪತ್ತು, ತರ್ಕಶಕ್ತಿ ನಡುವಯಸ್ಸಿನಲ್ಲೇ ತುದಿ ಮುಟ್ಟುತ್ತವೆ. ಸರಾಸರಿಯಲ್ಲಿ ಸ್ಪಷ್ಟ ಇಳಿತ ಕಾಣುವುದು ಅರವತ್ತರ ಆಚೆಗೆ. ಹಳೆಯ ಗೆರೆಯ ಇಳಿಜಾರಿನಲ್ಲಿ ಹೆಚ್ಚಿನದು ಹುಟ್ಟಿದ ಕಾಲದ ವ್ಯತ್ಯಾಸ. ಹಿರಿಯರು ಕಡಿಮೆ ಶಾಲೆ ಕಂಡವರು, ಬೇರೆ ಬಗೆಯ ಬಾಲ್ಯ ಕಳೆದವರು.

ಹುಟ್ಟಿದ ಕಾಲ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1930ರ ದಶಕದಲ್ಲಿ ಕನ್ನಂಬಾಡಿ ನೀರು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಜಿಲ್ಲೆಯಾಯಿತು. 1925ರಲ್ಲಿ ಹುಟ್ಟಿದವರ ಬಾಲ್ಯಕ್ಕೂ 1945ರಲ್ಲಿ ಹುಟ್ಟಿದವರ ಬಾಲ್ಯಕ್ಕೂ ಹೋಲಿಕೆಯೇ ಇಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ವಂಗಲ, ದಲೇನ ಎಂದು ಅವಕ್ಕೆ ಕಲ್ಪಿತ ಹೆಸರಿಟ್ಟರು. ನಾಲೆ ನೀರು ಹರಿದ ವಂಗಲದವರು ಬೇಸಾಯದಲ್ಲೇ ಬೆಳೆದರು. ನೀರು ಏರದ ದಲೇನದವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರಗಳತ್ತ ಹೊರಳಿದರು. ಊರಿನ ಹಳೆಯ ಸಂಬಂಧಗಳು ಬದಲಾದದ್ದು ಅಲ್ಲಿಯೇ ಹೆಚ್ಚು. ಎಪ್‌ಸ್ಟೈನ್ ಬುದ್ಧಿಶಕ್ತಿ ಅಳೆಯಲು ಬಂದವರಲ್ಲ, ಮಾನವಶಾಸ್ತ್ರಜ್ಞೆ. ಆದರೂ 1970ರಲ್ಲಿ ಅದೇ ಊರುಗಳಿಗೆ ಮರಳಿದರು. ಶಾಯ್ ಸಿಯಾಟಲ್‌ನಲ್ಲಿ ಮೂರನೇ ಸುತ್ತು ನಡೆಸಿದ್ದೂ ಆ ವರ್ಷವೇ! ಇಂಥ ಜಿಲ್ಲೆಯ ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ದಿನ ಪರೀಕ್ಷೆಗೆ ಕೂರಿಸಿ ವಯಸ್ಸಿನ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ನಮ್ಮಲ್ಲೂ ಈಗ ಸರಿಯಾದ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದ್ದಾರೆ. ಮಂಡ್ಯಕ್ಕೂ ಇಂಥದ್ದೊಂದು ಬೇಕು.

ಇನ್ನು ಮೇಷ್ಟ್ರ ಪ್ರಶ್ನೆಯ ಎರಡನೇ ಭಾಗ. 1986ರಲ್ಲಿ ಶಾಯ್ ಮತ್ತು ಶೆರಿ ವಿಲ್ಲಿಸ್ ಅರವತ್ತನಾಲ್ಕು ದಾಟಿದವರಿಗೆ ತರ್ಕ ಅಥವಾ ಆಕಾರ ಗ್ರಹಿಕೆಯಲ್ಲಿ ಒಂದೊಂದು ಗಂಟೆಯ ಐದು ಪಾಠ ಹೇಳಿಕೊಟ್ಟ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನ ಸುಧಾರಿಸಿದ್ದರು. ಮೊದಲೇ ಇಳಿತ ಕಂಡಿದ್ದವರಲ್ಲಿ ಶೇ. 40ರಷ್ಟು ಮಂದಿ ಹದಿನಾಲ್ಕು ವರ್ಷ ಹಿಂದಿನ ತಮ್ಮ ಮಟ್ಟಕ್ಕೆ ಮರಳಿದ್ದರು. ಏಳು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗಲೂ, ಪಾಠ ಕಲಿತವರು ಕಲಿಯದವರಿಗಿಂತ ಮುಂದಿದ್ದರು.