ಮೂರು ಸಾವುಗಳ ನೆನಪಿನಲ್ಲಿ ಎದ್ದ ಆಸ್ಪತ್ರೆ

"ಲೇಡಿ ಡಾಕ್ಟರ್ ಇದ್ದಾರಾ?" ಮನೆಯ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಾಗ ನಮ್ಮಲ್ಲಿ ಹೆಚ್ಚಿನವರು ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಉತ್ತರ ಸಿಗದೆ, ಒಂದೇ ರಾತ್ರಿ ಮೂವರು ಹೆಂಗಸರು ಪ್ರಾಣ ಬಿಟ್ಟರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚರಿತ್ರೆ ಆರಂಭವಾಗುವುದು ಅಲ್ಲಿಂದ.

ಕರ್ನಾಟಕದವರಿಗೆ ವೆಲ್ಲೂರು ಅಪರಿಚಿತ ಊರಲ್ಲ. ಊರಿನ ವೈದ್ಯರು ಕೈಚೆಲ್ಲಿದಾಗ "ಒಮ್ಮೆ ವೆಲ್ಲೂರಿಗೆ ಹೋಗಿ ಬನ್ನಿ" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ರಿಪೋರ್ಟುಗಳ ಫೈಲು ಹಿಡಿದು ಕಾಟ್ಪಾಡಿ ನಿಲ್ದಾಣದಲ್ಲಿ ರೈಲಿಳಿದವರು ನಿಮ್ಮ ಬಂಧುಗಳಲ್ಲೂ ಇರಬಹುದು. ಆದರೆ ಆ ಆಸ್ಪತ್ರೆಯನ್ನು ಕಟ್ಟಿದ್ದು ಯಾರು, ಯಾಕೆ ಎಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಆ ರಾತ್ರಿ

ಇಡಾ ಸ್ಕಡ್ಡರ್ ಹುಟ್ಟಿದ್ದು 1870ರಲ್ಲಿ, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಅಮೆರಿಕದಿಂದ ಬಂದು ನೆಲೆಸಿದ್ದ ಮಿಷನರಿ ವೈದ್ಯರ ಮನೆತನ ಅವರದು. ಅಜ್ಜನೂ ವೈದ್ಯ, ತಂದೆಯೂ ವೈದ್ಯ. ಇಡಾಗೆ ಮಾತ್ರ ಆ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ ಅಲ್ಲೇ ನೆಲೆಸಬೇಕೆಂಬುದು ಆಕೆಯ ಆಸೆ. 1890ರಲ್ಲಿ ಕಾಯಿಲೆಬಿದ್ದ ತಾಯಿಯ ಆರೈಕೆಗೆಂದು ತಿಂಡಿವನಕ್ಕೆ ಬಂದದ್ದೂ ಸ್ವಲ್ಪ ಕಾಲಕ್ಕೆ ಮಾತ್ರ.

ಅಲ್ಲಿದ್ದಾಗ ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬ ಬಾಗಿಲು ಬಡಿದ. ಎಳೆಯ ವಯಸ್ಸಿನ ಪತ್ನಿಗೆ ಹೆರಿಗೆ ಕಷ್ಟವಾಗಿದೆ, ಬಂದು ಕಾಪಾಡಿ ಎಂದ. "ನನಗೇನೂ ತಿಳಿಯದು, ನನ್ನ ತಂದೆ ವೈದ್ಯರು, ಅವರು ಬರುತ್ತಾರೆ" ಎಂದರು ಇಡಾ. ಪರಪುರುಷ ಬರುವುದು ಬೇಡವೆಂದು ಆತ ಹೊರಟುಹೋದ. ಅದೇ ರಾತ್ರಿ ಮುಸ್ಲಿಮನೊಬ್ಬ ಬಂದ. ಅದೇ ಸಂಕಟ, ಅದೇ ನಿರಾಕರಣೆ. ಮೂರನೆಯವನು ಇನ್ನೊಬ್ಬ ಮೇಲ್ಜಾತಿಯ ಹಿಂದೂ. ಅವನೂ ಬಂದ ಹಾಗೆಯೇ ಹಿಂತಿರುಗಿದ. ಬೆಳಗಾದಾಗ ಮೂವರು ಹೆಣ್ಣುಮಕ್ಕಳೂ ತೀರಿಕೊಂಡ ಸುದ್ದಿ ಬಂತು.

ಓದುಗರೇ, ಆ ಮೂವರು ಗಂಡಂದಿರಲ್ಲಿ ಒಬ್ಬ ನಮ್ಮವನು. ಅವನನ್ನು ತಡೆದದ್ದು ದೀನ್ ಅಲ್ಲ, ರೂಢಿ. ಅನಿವಾರ್ಯತೆಯು ನಿಷಿದ್ಧವನ್ನೂ ಅನುಮತಿಸುತ್ತದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ವೈದ್ಯೆ ಸಿಗದಿದ್ದಾಗ ಪುರುಷ ವೈದ್ಯನಿಂದ ಚಿಕಿತ್ಸೆ ಪಡೆಯಬಹುದೆಂದು ಉಲಮಾಗಳು ಹೇಳಿದ್ದಾರೆ. ಮದ್ರಸದಲ್ಲಿ ಈ ನಿಯಮವನ್ನು ಕಲಿಸುವಾಗಲೆಲ್ಲ ನನಗೆ ಹೆಸರೂ ತಿಳಿಯದ ಆ ಸಹೋದರಿಯ ನೆನಪಾಗುತ್ತದೆ. ಈ ಒಂದು ಮಾತು ಆ ಮನೆಗೆ ತಿಳಿದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ!

ಒಂದು ಹಾಸಿಗೆಯಿಂದ

ಇಡಾ ತನ್ನ ನಿರ್ಧಾರವನ್ನು ಬದಲಿಸಿದರು. ಅಮೆರಿಕಕ್ಕೆ ಮರಳಿ ವೈದ್ಯಕೀಯ ಓದಿ 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದರು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರ್ ತನ್ನ ದಿವಂಗತ ಪತ್ನಿಯ ನೆನಪಿಗೆ 10,000 ಡಾಲರ್ ಕೊಟ್ಟರು. 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಕ್ಲಿನಿಕ್ ಶುರುವಾಯಿತು. ಅದೇ ವರ್ಷ ತಂದೆ ತೀರಿಕೊಂಡರೂ ಅವರು ಎದೆಗುಂದಲಿಲ್ಲ. ಎರಡು ವರ್ಷಗಳಲ್ಲಿ 5,000 ರೋಗಿಗಳನ್ನು ನೋಡಿದರು. 1902ರಲ್ಲಿ 40 ಹಾಸಿಗೆಗಳ ಶೆಲ್ ಆಸ್ಪತ್ರೆ ತೆರೆಯಿತು. ಆಸ್ಪತ್ರೆಗೆ ಬರಲಾಗದ ಹಳ್ಳಿಗರಿಗಾಗಿ ದಾರಿಬದಿಯ ಮರದ ನೆರಳಲ್ಲೇ ಮದ್ದು ಕೊಡುವ ಏರ್ಪಾಡೂ ಆಯಿತು.

ಆದರೆ ಒಬ್ಬಳೇ ವೈದ್ಯೆ ಎಷ್ಟು ಹಳ್ಳಿಗಳಿಗೆ ಸಾಕಾದಾಳು? ಈ ನೆಲದ ಹೆಣ್ಣುಮಕ್ಕಳೇ ವೈದ್ಯರಾಗಬೇಕು ಎಂಬುದನ್ನು ಇಡಾ ಅರಿತರು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹುಡುಗಿಯರಿಗಾಗಿ ವೈದ್ಯಕೀಯ ಶಾಲೆ ಆರಂಭವಾಯಿತು. ಹುಡುಗಿಯರು ಅರ್ಜಿ ಹಾಕುವುದೇ ಅನುಮಾನ ಎಂದವರಿದ್ದರು. ಮೊದಲ ವರ್ಷವೇ ಬಂದ ಅರ್ಜಿಗಳು 151!

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರಕಾರ ಡಿಪ್ಲೊಮಾ ಮಟ್ಟದ ವೈದ್ಯಕೀಯ ಶಿಕ್ಷಣವನ್ನು ನಿಲ್ಲಿಸಲು ಹೊರಟಾಗ ಶಾಲೆಯೇ ಮುಚ್ಚುವ ಸ್ಥಿತಿ ಬಂತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಇಡಾ ಹಣ ಕೂಡಿಸಲು ಮತ್ತೆ ಅಮೆರಿಕ ಸುತ್ತಿದರು. 1942ರಲ್ಲಿ ಎಂಬಿಬಿಎಸ್ ತರಗತಿ ಆರಂಭವಾಯಿತು. 1947ರಲ್ಲಿ ಗಂಡುಮಕ್ಕಳಿಗೂ ಪ್ರವೇಶ ಸಿಕ್ಕಿತು. ಹೆಣ್ಣುಮಕ್ಕಳಿಗಾಗಿ ಶುರುವಾಗಿ, ಅನಂತರ ಗಂಡುಮಕ್ಕಳನ್ನು ಸೇರಿಸಿಕೊಂಡ ಕಾಲೇಜು ಇದು!

ಮುಂದಿನ ಸಾಧನೆಗಳು ದೇಶಕ್ಕೇ ಗೊತ್ತು. 1948ರಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಚಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರು. ಎಲ್ಲರೂ ದೂರವಿಟ್ಟವರಿಗೆ ದುಡಿದು ತಿನ್ನುವ ಕೈ ಮರಳಿತು. 1961ರಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ, 1971ರಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಗಿ ನಡೆದವು. ಇಡಾ 1960ರಲ್ಲಿ ಕೊಡೈಕೆನಾಲ್‌ನಲ್ಲಿ ನಿಧನರಾದರು. ಮದುವೆಯಾಗದೆ ಇಡೀ ಆಯುಷ್ಯವನ್ನು ಅವರು ಇದಕ್ಕೇ ಸವೆಸಿದ್ದರು. ಇಂದು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಅವರು ಹುಟ್ಟಿದ ರಾಣಿಪೇಟೆಯ ಕಡೆಯೂ 2022ರಲ್ಲಿ ಸಂಸ್ಥೆಯ ಹೊಸ ಆವರಣ ತೆರೆದಿದೆ.

ನಮ್ಮ ಪಾಲೆಷ್ಟು?

ಈಗ ನಮ್ಮ ಮನೆಯ ಕಡೆ ನೋಡೋಣ. ನಾನು ಪಾಠ ಮಾಡುವ ಏಳನೇ ತರಗತಿಯಲ್ಲಿ "ಡಾಕ್ಟರ್ ಆಗುತ್ತೇನೆ" ಎನ್ನುವ ಹುಡುಗಿಯರು ಬಹಳ. ಪಿಯುಸಿಗೆ ಬರುವಷ್ಟರಲ್ಲಿ ಅವರಲ್ಲಿ ಎಷ್ಟು ಮಂದಿ ವಿಜ್ಞಾನ ಓದುತ್ತಿದ್ದಾರೆ ಎಂದು ಹುಡುಕಿದರೆ ಬೆರಳೆಣಿಕೆ. "ಅಷ್ಟು ದೂರ ಯಾಕೆ ಕಳಿಸಬೇಕು?", "ನೀಟ್ ಕೋಚಿಂಗಿಗೆ ಅಷ್ಟು ಹಣ ಎಲ್ಲಿಂದ?", "ಒಳ್ಳೆಯ ಸಂಬಂಧ ಬಂದಿದೆ ಸರ್" ಎಂಬ ಉತ್ತರಗಳನ್ನು ತಂದೆತಾಯಿಯರಿಂದ ಕೇಳಿದ್ದೇನೆ. ಹಣದ ಕಷ್ಟ ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಅದೇ ಮನೆಯಲ್ಲಿ ಮದುವೆಯ ಖರ್ಚಿಗೆ ಸಾಲ ಹುಟ್ಟುವುದನ್ನೂ ಕಂಡಿದ್ದೇನೆ. ಜಮಾಅತ್‌ಗಳು ಮನಸ್ಸು ಮಾಡಿದರೆ ವರ್ಷಕ್ಕೆ ಒಬ್ಬಳನ್ನಾದರೂ ಓದಿಸಲಾರವೇ?

ನಮ್ಮ ಹೆಣ್ಣುಮಕ್ಕಳಿಗೆ ವೈದ್ಯೆಯೇ ಬೇಕು ಎನ್ನುವವರು ನಾವು. ಆ ವೈದ್ಯೆ ಮಾತ್ರ ಬೇರೆ ಯಾರದೋ ಮನೆಯಿಂದ ಬರಬೇಕೆಂದು ಬಯಸುವುದು ನ್ಯಾಯವೇ? ಇಂದು ಸಂಜೆ ನಿಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡು ಇಡಾರ ಈ ಕತೆ ಹೇಳಿ. ಬಳಿಕ ಅವಳು ಏನು ಓದಬೇಕೆಂದಿದ್ದಾಳೆ ಎಂದು ಕೇಳಿ. ಅವಳು ಕೊಡುವ ಉತ್ತರಕ್ಕೆ ಬೆಲೆ ಕೊಡಿ.